ಮೇಷ್ಟ್ರು ಯಾರ ಕಡೆ

ವರ್ಲೀನ್ ಹಾಲ್ವರ್‌ಸನ್ ಪಿಕಪ್ಪಿನ ಗಾಜನ್ನು ಊರುಗೋಲಿನಿಂದ ತಟ್ಟುತ್ತಿದ್ದಳು. ಒಳಗೆ ಹೀಟರ್ ಹಾಕಿಕೊಂಡು ಡ್ವೇನ್ ಬೆಕರ್ ಕಾಫಿ ಕುಡಿಯುತ್ತಿದ್ದ. ಅವನು ಜಿಲ್ಲೆಯ ರಿಪಬ್ಲಿಕನ್ನರ ಅಧ್ಯಕ್ಷ. ಚರ್ಚಿನ ಅಂಗಳದ ಆ ತುದಿಯ ಕಾರಿನಲ್ಲಿ ಡೆಮಾಕ್ರಟರ ಅಧ್ಯಕ್ಷೆ ಜೋಲೀನ್ ಪ್ರೊಹಾಸ್ಕಾ. ಇಬ್ಬರೂ ವರ್ಲೀನಳ ಅಣ್ಣ ಲೈಲ್ ಮೇಷ್ಟ್ರ ಹತ್ತಿರ ಹೈಸ್ಕೂಲಿನಲ್ಲಿ ಸರ್ಕಾರ, ಸಂವಿಧಾನ ಕಲಿತವರು. ಇಬ್ಬರೂ ಮೇಷ್ಟ್ರ ಮಣ್ಣಿಗೆ ಬಂದಿದ್ದರು. ಗಾಡಿಯಿಂದ ಮಾತ್ರ ಇಳಿದಿರಲಿಲ್ಲ.

ಚರ್ಚಿನೊಳಗೆ ಶವಪೆಟ್ಟಿಗೆ ಕಾಯುತ್ತಿತ್ತು. ಹೊರಲು ಆರು ಜನ ಬೇಕು. ಸಿಕ್ಕಿದ್ದು ಪಾದ್ರಿ, ಶಾಲೆಯ ಬಸ್ಸಿನ ಡ್ರೈವರ್, ಪಕ್ಕದ ಮನೆಯ ರೈತ, ಅಂತ್ಯಸಂಸ್ಕಾರದ ಏರ್ಪಾಟು ನೋಡುವ ರಸೆಲ್, ಇಷ್ಟೇ. ಗಾಲಿ ಮೇಲಿಟ್ಟು ತಳ್ಳೋಣ ಎಂದಿದ್ದ ರಸೆಲ್.

"ಅಂಗಡಿ ಸಾಮಾನಲ್ಲಪ್ಪ ಅವನು," ಎಂದಿದ್ದಳು ವರ್ಲೀನ್. "ಮನುಷ್ಯರ ಕೈಯಲ್ಲೇ ಹೋಗ್ಬೇಕು."

ಮೇಷ್ಟ್ರು ಎದುರು ಪಕ್ಷದವರು, ಆ ಪಕ್ಷದವರೇ ಹೊರಲಿ ಎಂದು ಅರ್ಧ ಊರು ಅಂದುಕೊಂಡಿತ್ತು. ಉಳಿದರ್ಧ ಊರೂ ಅದನ್ನೇ ಅಂದುಕೊಂಡಿತ್ತು. ಎರಡೂ ಪಕ್ಷ ಒಪ್ಪಿದ ಒಂದೇ ಒಂದು ಮಸೂದೆ ಸರ್ವಾನುಮತದಿಂದ ಪಾಸಾಗಿ, ಮೇಷ್ಟ್ರು ನಪಾಸಾಗಿದ್ದರು.

ಡ್ವೇನ್ ಗಾಜು ಇಳಿಸಿದ. "ಮೊದ್ಲು ಜೋಲೀನ್ ಇಳೀಲಿ, ಅಮ್ಮ. ಮೇಷ್ಟ್ರು ಅವ್ರ ಕಡೆಯವ್ರು."

"ಯಾರು ಹೇಳಿದ್ದು?"

"ಹೇಳೋದೇನ್ ಬಂತು? ಕಾಕಸ್ ರಾತ್ರಿ ನಾನೇ ನೋಡಿದೀನಿ. ಅವ್ರ ರೂಮಿಂದ ಬರ್ತಿದ್ರು."

ಜೋಲೀನಳೂ ಆಗಷ್ಟೇ ಇದನ್ನೇ ಹೇಳಿ ಕಳಿಸಿದ್ದಳು. ರೂಮು ಮಾತ್ರ ಬೇರೆ.

* * *

ಕಾಕಸ್ ನಡೆಯುತ್ತಿದ್ದುದು ಶಾಲೆಯಲ್ಲೇ. ಅಭ್ಯರ್ಥಿಯನ್ನು ಆರಿಸಲು ಒಂದು ಪಕ್ಷ ಜಿಮ್ಮಿನಲ್ಲಿ ಸೇರಿದರೆ ಇನ್ನೊಂದು ಊಟದ ಹಾಲಿನಲ್ಲಿ. ಎರಡೂ ಬೀಗದ ಕೈ ಮೇಷ್ಟ್ರ ಹತ್ತಿರ. ಎರಡೂ ಬಾಗಿಲು ತೆರೆದುಕೊಟ್ಟು, ಅವರು ಕೋಟು ನೇತುಹಾಕುವ ಕಾರಿಡಾರಿನಲ್ಲಿ ನಿಂತುಬಿಡುತ್ತಿದ್ದರು. ಈ ಕಡೆ ಚಪ್ಪಾಳೆ, ಆ ಕಡೆ ನಗು, ನಡುವೆ ಅಯೋವಾದ ಜನವರಿ ಚಳಿ. ಶೌಚಕ್ಕೆಂದು ಹೊರಬಂದವರೆಲ್ಲ, ಓಹೋ, ಮೇಷ್ಟ್ರು ಆ ರೂಮಿನಿಂದ ಬಂದರು ಎಂದು ತೀರ್ಪು ಕೊಟ್ಟು ಒಳಗೆ ಹೋಗುತ್ತಿದ್ದರು.

"ಯಾವ್ದಾದ್ರೂ ಒಂದು ರೂಮಲ್ಲಿ ಕೂತ್ಕೋಬಾರ್ದೇನಣ್ಣ?" ಎಂದು ವರ್ಲೀನ್ ಒಮ್ಮೆ ಕೇಳಿದ್ದಳು. "ಬೆಚ್ಚಗಾದ್ರೂ ಇರುತ್ತೆ."

"ನಾಳೆ ಕ್ಲಾಸಲ್ಲಿ ಎರಡೂ ರೂಮಿನ ಮಕ್ಕಳು ಇರ್ತಾರಲ್ಲ," ಎಂದಿದ್ದರು ಅವರು.

ಕ್ಲಾಸಿನಲ್ಲಿ ಅವರದು ಒಂದೇ ಪಾಠ. ದೇಶದ ಅಧ್ಯಕ್ಷ, ಕಾಂಗ್ರೆಸ್ಸೆಂಬ ಸಂಸತ್ತು, ಕೋರ್ಟು, ಇವರಲ್ಲಿ ಯಾರು ಒಳ್ಳೆಯವರು ಎಂದು ಕೇಳಬೇಡಿ, ಯಾರನ್ನು ಯಾರು ತಡೆಯಬಹುದು ಎಂದು ಕೇಳಿ. ಆಮೇಲೆ ಪ್ರತಿಯೊಬ್ಬರೂ ಎದುರಾಳಿಯ ವಾದವನ್ನು ಆ ಎದುರಾಳಿ ಹೌದೆಂದು ತಲೆಯಾಡಿಸುವ ತನಕ ಮಂಡಿಸಬೇಕು. ಮಕ್ಕಳು ತಲೆಯಾಡಿಸುತ್ತಿದ್ದರು. ಅಪ್ಪಂದಿರು ಆಕ್ಷೇಪಣೆ ಬರೆಯುತ್ತಿದ್ದರು. ಶಿಕ್ಷಕರ ಕೋಣೆಯಲ್ಲೂ ಎರಡು ಮೇಜು, ಎರಡು ಪಕ್ಷ. ಮೇಷ್ಟ್ರು ತಮ್ಮ ಸ್ಯಾಂಡ್‌ವಿಚ್ಚನ್ನು ಖಾಲಿ ಕ್ಲಾಸಿನಲ್ಲಿ, ಬೋರ್ಡಿನ ಕಡೆ ಮುಖ ಮಾಡಿ ತಿನ್ನುತ್ತಿದ್ದರು.

* * *

"ಸರಿ, ಅವನ ಕ್ಲಾಸಲ್ಲಿ ಮಾಡ್ತಿದ್ದ ಹಾಗೇ ಮಾಡು," ಎಂದಳು ವರ್ಲೀನ್. "ನೀನು ಯಾಕೆ ಹೊರ್ಬೇಕು ಅಂತ ನೀನೇ ಹೇಳು. ನಾನು ತಲೆಯಾಡಿಸೋ ತನಕ."

ಡ್ವೇನ್ ಕಾಫಿ ಲೋಟ ಬದಿಗಿಟ್ಟ. ನಕ್ಕುಬಿಡುತ್ತಾನೇನೋ ಅನ್ನಿಸಿತು.

"ನಮ್ಮಪ್ಪ ತೀರ್ಕೊಂಡ ವಾರ ನಾನು ಸ್ಕೂಲಿಗೆ ಹೋಗಿರ್ಲಿಲ್ಲ," ಎಂದ. "ಮೇಷ್ಟ್ರೇ ಬಂದು, ದನಕ್ಕೆ ಮೇವು ಹಾಕ್ತಾ ಸೆನೆಟ್ ಪಾಠ ಮಾಡಿದ್ರು. ನಮ್ಮ ದನಗಳಿಗೆ ಈಗ್ಲೂ ಸೆನೆಟ್ಟಿನ ಮೇಲೆ ನಂಬಿಕೆ ಇದೆ." ಹೀಟರ್ ಆರಿಸಿದ. "ಯಾರ ಕಡೆ ಅಂತ ಆವತ್ತು ನಾನು ಕೇಳಿರ್ಲಿಲ್ಲ."

ವರ್ಲೀನ್ ತಲೆಯಾಡಿಸಿದಳು. ಅವನು ಟೋಪಿ ತೆಗೆದು ಸೀಟಿನ ಮೇಲಿಟ್ಟು ಇಳಿದ.

ಇನ್ನೊಬ್ಬಳು ಬಂದರೆ ಆರು. ಹಿಮದಲ್ಲಿ ಕೋಲೂರುತ್ತ ವರ್ಲೀನ್ ಆ ಕಾರಿನ ತನಕ ನಡೆದಳು. ಡ್ವೇನ್ ಚರ್ಚಿನ ಬಾಗಿಲು ದಾಟಿದ್ದನ್ನು ಜೋಲೀನ್ ಅಷ್ಟರಲ್ಲಿ ಕಂಡಿದ್ದಳು. ಗಾಜು ಎರಡು ಬೆರಳಷ್ಟು ಇಳಿಯಿತು.

"ನೋಡಿದ್ರಾ? ಅವ್ರ ಅಧ್ಯಕ್ಷನೇ ಹೊರೋಕೆ ಹೋದ. ಅಂದ್ಮೇಲೆ ಮೇಷ್ಟ್ರು ಅವ್ರ ಕಡೆಯವ್ರೇ." ದನಿಯಲ್ಲಿ ಸಿಟ್ಟಿರಲಿಲ್ಲ. "ಏನೇ ಅಂದ್ರೂ, ನಮ್ಮವ್ರೇ ಇರಬಹುದು ಅಂತ ಒಳಗೊಳಗೇ ಒಂದು ಆಸೆ ಇತ್ತಮ್ಮ ನಂಗೆ. ನನ್ನ ಮೆಚ್ಚಿನ ಮೇಷ್ಟ್ರಲ್ವಾ."

"ಇಳಿ, ಜೋಲೀನ್."

ಅವಳು ಕಣ್ಣೊರೆಸಿಕೊಂಡಳು. ಕಾರು ನಿಧಾನಕ್ಕೆ ಹಿಂದೆ ಸರಿದು, ರಸ್ತೆಗೆ ತಿರುಗಿತು.

ಚರ್ಚಿನ ಬಾಗಿಲು ತೆರೆಯಿತು. ಈ ಪಕ್ಕ ಮೂವರು, ಆ ಪಕ್ಕ ಇಬ್ಬರು. ಮೆಟ್ಟಿಲಿಳಿಯುವಾಗ ಪೆಟ್ಟಿಗೆ ತುಸು ವಾಲಿತು. ಡ್ವೇನ್ ಹಲ್ಲು ಕಚ್ಚಿ ಎತ್ತಿ ಹಿಡಿದ. ಅವನ ಹಿಂದೆ, ಯಾರ ಕೈಯೂ ಇಲ್ಲದ ಹಿತ್ತಾಳೆಯ ಹಿಡಿ ಹೆಜ್ಜೆಗೊಮ್ಮೆ ಮರಕ್ಕೆ ಬಡಿಯುತ್ತ ಹೋಯಿತು.