ಇನ್ನೂರ ಹದಿನಾಲ್ಕು ಕಿಲೋಮೀಟರಿನ ಕಾರು

ಇದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೂ ನಾಳೆ ಬೆಳಿಗ್ಗೆ ಏಳುವಷ್ಟರಲ್ಲಿ ನನ್ನ ಪಾನಾ, ಸ್ಪ್ಯಾನರುಗಳೆಲ್ಲ ಮೇಣವಾಗಿ ಹೋಗಲಿ ಎಂದು ಮೇಷ್ಟ್ರಿಗೆ ಮೊದಲೇ ಆಣೆ ಇಟ್ಟು ಹೇಳಿದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಎಲ್ ಆಲ್ತೊ ಊರಿನ ನನ್ನ ವರ್ಕ್‌ಶಾಪಿನ ಮುಂದೆ ಹಳೇ ಟೈರಿನ ಮೇಲೆ ಪ್ಯಾಂಟು ಕೊಳೆಯಾಗದ ಹಾಗೆ ತುದಿಯಲ್ಲಿ ಕೂತಿದ್ದರು. ಅವರ ಕಾರಿಗೆ ಆರು ವರ್ಷ, ಮೂರು ಸಾವಿರ ಕಿಲೋಮೀಟರೂ ಓಡಿಲ್ಲ, ಆದರೂ ಆಯಿಲ್ ಮಾಯವಾಗುತ್ತಿದೆ. ನೆಲದ ಮೇಲೆ ಒಂದು ತೊಟ್ಟಿಲ್ಲ. ಪಕ್ಕದ ಮನೆಯವನು ಕದಿಯುತ್ತಿದ್ದಾನೆ ಎಂದು ಅವರ ಗುಮಾನಿ. ಕಾರನ್ನು ಓಡಿಸಿ, ಸರಿಹೋಗುತ್ತದೆ ಎಂದೆ. ಇಷ್ಟು ಹೊಸ ಕಾರನ್ನು ಯಾರಾದರೂ ಓಡಿಸುತ್ತಾರೆಯೇ ಎಂದು ನನ್ನನ್ನೇ ಕೇಳಿದರು. ಓದಿದವರಿಗೆ ಬುದ್ಧಿ ಹೇಳಿ ಫಲವಿಲ್ಲ. ಅದಕ್ಕೇ ತಿಬುರ್ಸಿಯೊ ಚೋಕೆಯ ಕಥೆ ಶುರು ಮಾಡಿದೆ.

ತಿಬುರ್ಸಿಯೊಗೆ ಎರಡು ಬೀದಿ ಆಚೆ ತಗಡಿನ ಅಂಗಡಿ. ಅಂಗಡಿಯ ಮೇಲೆ ಮನೆ, ಅಂಗಡಿಯ ಹಿಂದೆ ಕಾರಿಗೊಂದು ಕೋಣೆ. ಆ ಕೋಣೆಯ ಕಿಟಕಿಗೆ ಕಸೂತಿಯ ಪರದೆ ಇತ್ತು. ಮನೆಯ ಕಿಟಕಿಗಳಿಗೆ ಇರಲಿಲ್ಲ. ಕಾರನ್ನು ಹೊಸದಾಗಿ ಕೊಂಡು ಹನ್ನೊಂದು ವರ್ಷವಾದರೂ ಸೀಟಿನ ಪ್ಲಾಸ್ಟಿಕ್ ತೆಗೆದಿರಲಿಲ್ಲ. ನಮ್ಮ ಕಡೆ ಕಡು ಚಳಿಗಾಲವಾದ ಜೂನ್ ತಿಂಗಳ ಹಿಮಕ್ಕೆ ಬಾನೆಟ್ಟಿನ ಮೇಲೆ ಎರಡು ಕಂಬಳಿ ಹೊದಿಸುತ್ತಿದ್ದ. ಅವನ ಹೆಂಡತಿ ಬಾಸಿಲಿಯಾ ಸಂತೆಯಿಂದ ಆಲೂಗಡ್ಡೆ ಮೂಟೆಯನ್ನು ಬೆನ್ನಿಗೆ ಕಟ್ಟಿಕೊಂಡು ಅದೇ ಕಾರಿನ ಪಕ್ಕದಿಂದ ಹಾದು ಮೂರು ಮಹಡಿ ಹತ್ತುತ್ತಿದ್ದಳು. ಹಾಯುವಾಗ ಕಾರಿಗೆ ಲಂಗ ತಗುಲೀತು ಜೋಪಾನ ಎಂದು ಇವನು ಎಚ್ಚರಿಸುತ್ತಿದ್ದ.

ಕಾರು ವರ್ಷಕ್ಕೊಂದು ಸಲ ಹೊರಗೆ ಬರುತ್ತಿತ್ತು, ನಮ್ಮ ಬಡಾವಣೆಯ ಇಗರ್ಜಿಯ ಮಾತೆಯ ಹಬ್ಬದ ದಿನ. ಆ ದಿನ ಕುಣಿತದ ಸಂಘದ ಮುಂದೆ ಬೆಳ್ಳಿಬಂಡಿಗಳು ಹೋಗುತ್ತವೆ. ಇದ್ದ ಕಾರಿಗೇ ನೆತ್ತಿಯಿಂದ ಬಂಪರಿನ ತನಕ ಕಸೂತಿ ಕಂಬಳಿ ಸುತ್ತಿ, ಅದರ ಮೇಲೆ ಮನೆಯಲ್ಲಿರುವ ಬೆಳ್ಳಿ ತಟ್ಟೆ, ಚಮಚ, ಹೂಜಿ ಎಲ್ಲ ಹೊಲಿದರೆ ಬೆಳ್ಳಿಬಂಡಿ. ಹಿಂದೆ ಕುಣಿಯುವವರು ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಕಾರೂ ಅವರ ವೇಗದಲ್ಲೇ ತೆವಳಬೇಕು, ಆರು ಗಂಟೆ ಕಾಲ. ಹೀಗೆ ಹನ್ನೊಂದು ವರ್ಷ ತೆವಳಿದ ಕಾರಿನ ಮೀಟರಿನಲ್ಲಿ ಇದ್ದದ್ದು ಇನ್ನೂರ ಹದಿನಾಲ್ಕು. ಬೇರೆಯವರು ಮಕ್ಕಳ ಮಾರ್ಕ್ಸ್ ಹೇಳಿಕೊಳ್ಳುವ ಕಡೆ ತಿಬುರ್ಸಿಯೊ ಈ ಸಂಖ್ಯೆ ಹೇಳುತ್ತಿದ್ದ.

ಸಂಖ್ಯೆಗೆ ಬೆಲೆಯೂ ಇತ್ತೆನ್ನಿ. ನಮ್ಮ ಸಂಘದಲ್ಲಿ ಎಲ್ಲಕ್ಕಿಂತ ಕಡಿಮೆ ಓಡಿದ ಕಾರು ಮೊದಲನೆಯದು, ಮಾತೆಯ ಮೂರ್ತಿ ಕೂರುವುದು ಅದರ ನೆತ್ತಿಯ ಮೇಲೆ. ಈರುಳ್ಳಿ ಹೊತ್ತ ಕಾರಿನ ಮೇಲೆ ಮಾತೆ ಕೂರುವುದಿಲ್ಲವಂತೆ. ಮಾತೆ ಯಾವತ್ತೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಹತ್ತು ವರ್ಷ ಮೊದಲನೇ ಜಾಗ ಹಿಡಿದಿದ್ದ ಮುದುಕ ತೀರಿಕೊಂಡ. ಮಕ್ಕಳು ಹದಿನೈದನೇ ದಿನಕ್ಕೇ ಕಾರನ್ನು ಟ್ಯಾಕ್ಸಿ ಮಾಡಿದರು. ಆ ವರ್ಷ ಸರದಿ ತಿಬುರ್ಸಿಯೊನದು. ಅವನ ಹಿಂದೆಯೇ ಶವಪೆಟ್ಟಿಗೆ ಅಂಗಡಿಯವನ ಕಾರು ಕಾಯುತ್ತಿತ್ತು, ಮುನ್ನೂರ ನಲವತ್ತು ಕಿಲೋಮೀಟರ್.

ತೊಂದರೆ ಒಂದೇ. ಹಿಂದಿನ ವರ್ಷ ಮೆರವಣಿಗೆಯ ನಡುವೆ ತಿಬುರ್ಸಿಯೊನ ಕಾರು ನೀಲಿ ಹೊಗೆ ಬಿಟ್ಟಿತ್ತು. ಹಿಂದಿನ ಸಾಲಿನ ಹೆಂಗಸರ ಹೊಸ ಲಂಗಗಳೆಲ್ಲ ಕಾಡಿಗೆ ಬಳಿದಂತಾಗಿದ್ದವು. ಸಂಘದ ಅಧ್ಯಕ್ಷಿಣಿ ಅವನ ಅಂಗಡಿಗೇ ಬಂದು, ಈ ಸಲ ಒಂದು ಎಳೆ ಹೊಗೆ ಕಂಡರೂ ಎಲ್ಲರಿಗಿಂತ ಕೊನೆಗೆ, ಬಿಯರ್ ಲಾರಿಯ ಹಿಂದೆ ನಿಲ್ಲಬೇಕಾಗುತ್ತದೆ ಎಂದು ಹೇಳಿ ಹೋಗಿದ್ದಳು.

ಹಬ್ಬಕ್ಕೆ ಒಂದು ತಿಂಗಳಿದೆ ಎನ್ನುವಾಗ ನನ್ನನ್ನು ಕರೆಸಿದ. ಆಯಿಲ್ ನೋಡುವ ಕಡ್ಡಿ ಎಳೆದೆ, ಹಲ್ಲುಕಡ್ಡಿಯ ಹಾಗೆ ಒಣಗಿತ್ತು. ಎಂಜಿನ್ ಹುಟ್ಟಿದಾಗಿನಿಂದ ಒಂದು ಸಲವೂ ಸರಿಯಾಗಿ ಬಿಸಿಯಾಗಿಲ್ಲ, ಪಿಸ್ಟನ್ ರಿಂಗುಗಳು ಮಸಿಗೆ ಅಂಟಿಕೊಂಡಿವೆ, ಆಯಿಲ್ ಅವುಗಳ ಸಂದಿಯಲ್ಲಿ ಮೇಲೆ ನುಗ್ಗಿ ಉರಿಯುತ್ತಿದೆ ಎಂದು ಬಿಡಿಸಿ ಹೇಳಿದೆ. ಮದ್ದೂ ಹೇಳಿದೆ: ಹೊಸ ಆಯಿಲ್ ಹಾಕು, ಪಟಕಮಾಯಾ ಊರಿನ ತನಕ ಹೆದ್ದಾರಿಯಲ್ಲಿ ಒತ್ತಿ ಓಡಿಸು, ಹಾಗೇ ಒತ್ತಿ ವಾಪಸ್ ಬಾ. ಹೋಗಲು ಎಂಬತ್ತೈದು, ಬರಲು ಎಂಬತ್ತೈದು.

ಅವನ ಅಮ್ಮನನ್ನು ಕುಸ್ತಿಗೆ ಕಳಿಸು ಎಂದೆನೇನೋ ಅನ್ನುವ ಹಾಗೆ ನೋಡಿದ. ಕೂಡಿದರೆ ಮುನ್ನೂರ ಎಂಬತ್ತನಾಲ್ಕು, ಶವಪೆಟ್ಟಿಗೆಯವನು ಮುಂದಾಗಿಬಿಡುತ್ತಾನೆ.

ಆಮೇಲೆ ತಾನೇ ವೈದ್ಯಕ್ಕೆ ಇಳಿದ. ಜೇನುತುಪ್ಪದಷ್ಟು ಮಂದದ ಆಯಿಲ್ ಹಾಕಿದ, ಹೊಗೆಯೂ ಮಂದವಾಯಿತು. ನಂತರ ಅವನಿಗೆ ಜ್ಞಾನೋದಯವಾಯಿತು: ಆಯಿಲ್ ಕುಡಿಯುತ್ತಿರುವುದು ಎಂಜಿನ್ ಅಲ್ಲ, ಭೂತಾಯಿ. ಅವಳ ಪಾಲು ಅವಳಿಗೆ ಕೊಡದೇ ಇದ್ದರೆ ತಾನೇ ತೆಗೆದುಕೊಳ್ಳುತ್ತಾಳೆ. ನಾವೆಲ್ಲ ಕುಡಿಯುವ ಮುಂಚೆ ಭೂತಾಯಿಗೆ ಒಂದು ಗುಟುಕು ಚೆಲ್ಲುವವರೇ. ಬಿಯರ್ ಚೆಲ್ಲುತ್ತೇವೆ, ಸಾರಾಯಿ ಚೆಲ್ಲುತ್ತೇವೆ. ಪ್ರತಿ ಶುಕ್ರವಾರ ನಾಲ್ಕು ಚಕ್ರದ ಬುಡಕ್ಕೂ ಒಂದೊಂದು ಲೋಟ ಎಂಜಿನ್ ಆಯಿಲ್ ಎರೆದವನು ಇವನೊಬ್ಬನೇ. ಮೂರನೇ ಶುಕ್ರವಾರ ಅವರ ನಾಯಿ ಅಲ್ಲಿ ಜಾರಿದ್ದು ಬೀದಿಯಲ್ಲಿ ಹೋಗಿ ನಿಂತಿತು.

ಹಬ್ಬಕ್ಕೆ ಐದು ದಿನ ಇರುವಾಗ ನನ್ನ ಹತ್ತಿರ ಓಡಿ ಬಂದ. ಕೋಣೆ ಗುಡಿಸಲೆಂದು ಕಾರನ್ನು ಹಿಂದಕ್ಕೆ ತೆಗೆದಿದ್ದನಂತೆ. ಹಳೇ ಕಾಲದ ಮೀಟರು. ಕೊನೆಯ ಅಂಕಿ ಹಿಂದಕ್ಕೆ ಉರುಳಿತ್ತು.

"ಹಿಂದಕ್ಕೆ ಹೋದ್ರೆ ಕಳೀತದೆ, ಮುಂದಕ್ಕೆ ಬಂದ್ರೆ ಕೂಡ್ತದೆ, ಕೊಂಪಾದ್ರೆ," ಅಂದ. ಅವನ ಮಗಳ ನಾಮಕರಣಕ್ಕೆ ನಾನು ಧರ್ಮತಂದೆಯಾಗಿ ನಿಂತಿದ್ದರಿಂದ ಹಾಗೆ ಕರೆಯುತ್ತಿದ್ದ. "ಪಟಕಮಾಯಾಗೆ ಹೋಗೋದು ರಿವರ್ಸು, ಬರೋದು ನೇರ. ಅಲ್ಲಿಗಲ್ಲಿಗೆ ಸಮ."

"ಮೀಟರಿನ ಕೇಬಲ್ ಕಳಚಿ ಹೋದ್ರಾಯ್ತಲ್ಲಯ್ಯಾ. ಎರಡು ನಿಮಿಷದ ಕೆಲಸ."

ಅವನ ಮುಖ ಬಾಡಿತು. "ಛೆ, ಅದು ಮೋಸ," ಅಂದ. "ಮಾತೆ ವಿಷಯದಲ್ಲಿ ಮೋಸ ಮಾಡಕ್ಕಾಗತ್ತಾ?"

ಮಂಗಳವಾರ ಬೆಳಗಿನ ಜಾವ ಹೊರಟ. ಎಡಗೈ ಸ್ಟೀರಿಂಗಿನ ಮೇಲೆ, ಬಲಗೈ ಪಕ್ಕದ ಸೀಟಿನ ಬೆನ್ನ ಮೇಲೆ, ಕತ್ತು ಪೂರ್ತಿ ಹಿಂದಕ್ಕೆ. ಸುಂಕದ ಕಟ್ಟೆಯ ಪೊಲೀಸಿನವನು, ಇವನು ಬರುತ್ತಿದ್ದಾನೋ ಹೋಗುತ್ತಿದ್ದಾನೋ ತೀರ್ಮಾನಿಸಲಾಗದೆ ಎರಡೂ ಕಡೆಯ ಚೀಟಿ ಹರಿದುಕೊಟ್ಟ. ಬಯಲಿನ ಉದ್ದಕತ್ತಿನ ಲಾಮಾಗಳು ಮೇಯುವುದನ್ನು ಬಿಟ್ಟು, ರಸ್ತೆಯ ಬದಿಗೆ ಬಂದು, ಸಾಲಾಗಿ ನಿಂತು ನೋಡಿದವು.

ಕಥೆ ಶುರುವಾದ ಮೇಲೆ ಮೇಷ್ಟ್ರು ಇಲ್ಲಿ ಮೊದಲ ಸಲ ಬಾಯಿಬಿಟ್ಟರು. ತಮ್ಮ ಕಾರಿನ ಮೀಟರೂ ಹಾಗೆ ಹಿಂದಕ್ಕೆ ತಿರುಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ನಾನು ಕಥೆ ಮುಂದುವರಿಸಿದೆ.

ಹುಲ್ಲುಗಾವಲಿನ ಕತ್ತೆಯೂ ತಿಬುರ್ಸಿಯೊನನ್ನು ಹಿಂದೆ ಹಾಕುವ ವೇಗ. ಎಂಜಿನ್ ಬಿಸಿಯೇ ಆಗಲಿಲ್ಲ, ಹೊಗೆ ನಿಲ್ಲಲಿಲ್ಲ. ಹೊಗೆಕೊಳವೆ ಈಗ ಮುಂದಾದ್ದರಿಂದ ತನ್ನ ಹೊಗೆಯೊಳಗೆ ತಾನೇ ಹೊಕ್ಕು ಸಾಗಿದ. ಮಧ್ಯಾಹ್ನ ಎರಡಕ್ಕೆ ಪಟಕಮಾಯಾ ಮುಟ್ಟಿ, ಇನ್ನು ನೇರ ಹೋಗೋಣ ಎಂದು ಕತ್ತು ತಿರುಗಿಸಿದರೆ ಅದು ಬರಲಿಲ್ಲ. ಹೋಟೆಲಿನವರು ಕುರಿಕೊಬ್ಬು ಹಚ್ಚಿ ತಿಕ್ಕಿದರು. ಇಬ್ಬರು ಲಾರಿಯವರು ಆಚೀಚೆ ಹಿಡಿದು ಎಳೆದರು. ಗಲ್ಲ ಬಲಭುಜದ ಮೇಲೆ ಹೇಗೆ ಕೂತಿತ್ತೋ ಹಾಗೇ ಕೂತಿತ್ತು. ನನಗೆ ಫೋನ್ ಬಂತು. ನಾನು ಬಾಸಿಲಿಯಾಗೆ ಹೇಳಿದೆ.

ಬಾಸಿಲಿಯಾ ಅಂಗಡಿಗೆ ಬೀಗ ಜಡಿದು ಮಿನಿಬಸ್ ಹತ್ತಿದಳು. ಅವಳ ಅಪ್ಪ ಯುಂಗಾಸ್ ಕಣಿವೆಯ ಇಳಿಜಾರಿನಲ್ಲಿ ಕಿತ್ತಳೆ ಲಾರಿ ಓಡಿಸುತ್ತಿದ್ದವನು. ಹದಿನಾಲ್ಕಕ್ಕೇ ಅವಳು ಆ ಲಾರಿಯ ಸ್ಟೀರಿಂಗ್ ಹಿಡಿದಿದ್ದಳು. ಹನ್ನೊಂದು ವರ್ಷದಲ್ಲಿ ಈ ಕಾರಿನ ಕೀಲಿಕೈ ಮಾತ್ರ ಮುಟ್ಟಿರಲಿಲ್ಲ. ಕೂತರೆ ಲಂಗದ ನೆರಿಗೆಗೆ ಪ್ಲಾಸ್ಟಿಕ್ ಹರಿಯುತ್ತದೆ ಎಂದು ಇವನ ಕಟ್ಟಪ್ಪಣೆ.

"ಕತ್ತು ತಿರುಗಲ್ವಾ?" ಎಂದು ಕೇಳಿದಳಂತೆ.

"ಇಲ್ಲ ಕಣೇ."

"ಸರಿ, ಹಾಗೇ ಇರು. ಕೀ ಕೊಡು."

ಬಂದದ್ದು ಬಂದಾಯಿತು, ಇಲ್ಲಿ ಆಲೂಗಡ್ಡೆ ಅಗ್ಗ ಎಂದು ಆರು ಮೂಟೆ ಕೊಂಡು ಹಿಂದಿನ ಸೀಟಿಗೆ ಒಗೆದಳು, ಪ್ಲಾಸ್ಟಿಕ್ಕಿನ ಮೇಲೆ, ಮಣ್ಣಿನ ಸಮೇತ. ತಿಬುರ್ಸಿಯೊನ ಮುಖ ಇದ್ದದ್ದೇ ಆ ಕಡೆ. ಮನೆ ತಲುಪುವ ತನಕ ಅವನು ಆ ಮೂಟೆಗಳನ್ನು ನೋಡದೆ ಬೇರೆ ದಾರಿಯಿರಲಿಲ್ಲ.

ಅವಳು ಮೂರನೇ ಗೇರಿಗೆ ಹಾಕಿ ಕಾಲನ್ನು ನೆಲಕ್ಕೆ ಒತ್ತಿದವಳು ತೆಗೆಯಲಿಲ್ಲ. ಎಂಜಿನ್ ಮೊದಲು ಕಿರುಚಿತು, ಆಮೇಲೆ ಕೆಮ್ಮಿತು, ಆಮೇಲೆ ಹನ್ನೊಂದು ವರ್ಷದ ಮಸಿಯನ್ನೆಲ್ಲ ಒಂದೇ ಸಲ ಉಗುಳಿತು. ಹಿಂದೆ ಬರುತ್ತಿದ್ದ ಬಸ್ಸು ಸಂಜೆ ಐದಕ್ಕೇ ದೀಪ ಹಾಕಿಕೊಂಡಿತು. ಅರ್ಧ ದಾರಿಗೆ ಹೊಗೆ ತೆಳುವಾಯಿತು. ಊರು ಹೊಕ್ಕಾಗ ಇರಲೇ ಇಲ್ಲ. ನಾನೇ ಆಯಿಲ್ ಬದಲಿಸಿದೆ, ಮರುದಿನ ಕಡ್ಡಿ ಎಳೆದೆ, ಗೆರೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಮೀಟರಿನಲ್ಲಿ ಇನ್ನೂರ ಹದಿನಾಲ್ಕು. ತನ್ನ ರಿವರ್ಸ್ ಉಪಾಯದಿಂದ ಎಂಜಿನ್ ಗುಣವಾಯಿತು ಎಂದು ತಿಬುರ್ಸಿಯೊ ಬೀದಿಯೆಲ್ಲ ಹೇಳಿಕೊಂಡು ತಿರುಗಿದ, ಎದುರಿಗೆ ಬಂದವರಿಗೆ ಬೆನ್ನು ಹಾಕಿ ನಿಂತು.

ಹಬ್ಬದ ದಿನವೂ ಕತ್ತು ಹಾಗೇ ಇತ್ತು. ಹಾಗಾಗಿ ಓಡಿಸಿದ್ದು ಬಾಸಿಲಿಯಾ. ಮಾತೆ ನೆತ್ತಿಯ ಮೇಲೆ ಕೂತಳು. ಪಕ್ಕದ ಸೀಟಿನಲ್ಲಿ ಇವನು, ಹಿಂದಿನ ಗಾಜಿನ ಮೇಲೆ ಬೆಳ್ಳಿ ತಟ್ಟೆಗಳ ನಡುವೆ ಬಿಟ್ಟಿದ್ದ ಅಂಗೈಯಗಲದ ಸಂದಿಯಲ್ಲಿ ಕುಣಿಯುವವರನ್ನು ನೋಡುತ್ತಿದ್ದ. ಆರು ಗಂಟೆಯಲ್ಲಿ ಒಮ್ಮೆಯೂ ರಸ್ತೆ ನೋಡಲಿಲ್ಲ, ಎಂಥ ಭಕ್ತಿ ಎಂದು ಮುದುಕಿಯರು ಕಣ್ಣೊರೆಸಿಕೊಂಡರು. ಒಂದೆಳೆ ಹೊಗೆ ಬರಲಿಲ್ಲ. ಇಗರ್ಜಿಯ ಮುಂದೆ ಮೂರ್ತಿಯನ್ನು ಇಳಿಸಿಕೊಂಡರು, ವಾದ್ಯ ನಿಂತಿತು, ಅಧ್ಯಕ್ಷಿಣಿ ಬಂದು ಬಾನೆಟ್ಟಿನ ಮೇಲೆ ಬಿಯರ್ ಚೆಲ್ಲಿ ಹೋದಳು.

"ನೋಡಿದ್ಯಾ?" ಎಂದನಂತೆ ತಿಬುರ್ಸಿಯೊ. "ಮೊದಲನೇ ಜಾಗ."

"ನೋಡ್ದೆ," ಅಂದಳಂತೆ ಬಾಸಿಲಿಯಾ. "ಗಟ್ಟಿಯಾಗಿ ಹಿಡ್ಕೋ."

ಮುಂದೆ ರಸ್ತೆ ಖಾಲಿ ಇತ್ತು, ಯಾಕೆಂದರೆ ಅವರದೇ ಮೊದಲನೇ ಕಾರು. ಎರಡನೇ ಗೇರು, ಮೂರನೇ ಗೇರು. ಚಮಚಗಳು ಒಂದೊಂದಾಗಿ ಕಳಚಿ ಡಾಂಬರಿನ ಮೇಲೆ ಟಣ್ ಟಣ್ ಎಂದು ಬೀಳುವುದನ್ನು ನಾವೆಲ್ಲ ಕೇಳಿದೆವು. ಸಂದಿಯಲ್ಲಿ ತಿಬುರ್ಸಿಯೊನ ಮುಖ ನಮ್ಮ ಕಡೆಗೇ ಇತ್ತು, ಬಾಯಿ ತೆರೆದಿತ್ತು, ಸಣ್ಣದಾಗುತ್ತ ಹೋಯಿತು. ಎರಡು ದಿನದ ಮೇಲೆ ಕಣಿವೆಯಿಂದ ವಾಪಸ್ ಬಂದರು. ಸೀಟಿನ ಮೇಲೆ ಪ್ಲಾಸ್ಟಿಕ್ ಇರಲಿಲ್ಲ, ಕಿತ್ತಳೆ ಇತ್ತು. ಕೀಲಿಕೈ ಅವಳ ರವಿಕೆಯೊಳಗೆ.

"ಈಗ ಅವಳು ವಾರಕ್ಕೆರಡು ಸಲ ಕಣಿವೆಗೆ ಇಳೀತಾಳೆ ಮೇಷ್ಟ್ರೇ," ಅಂದೆ. "ಅವನೂ ಜೊತೆಗೆ ಹೋಗಿ ಮೂಟೆ ಎಣಿಸ್ತಾನೆ. ಮೊನ್ನೆ ಸರ್ವೀಸಿಗೆ ತಂದಿದ್ಲು, ನನ್ನ ಕಣ್ಣಾರೆ ಮೀಟರ್ ನೋಡ್ದೆ. ಆಯಿಲ್ ಒಂದು ತೊಟ್ಟು ಕಮ್ಮಿಯಾಗಿಲ್ಲ, ಓಡಿರೋದು ಎಷ್ಟು ಅಂದ್ರೆ ನಲವತ್ತೊಂದು ಸಾವಿರದ ಆರ್ನೂರ..."

ಮೇಷ್ಟ್ರು ಎದ್ದುಬಿಟ್ಟಿದ್ದರು. ಪ್ಯಾಂಟಿನ ಹಿಂಭಾಗ ಕೊಡವಿಕೊಂಡು, ನನ್ನ ಕಡೆ ನೋಡದೆ, ತಮ್ಮ ಕಾರಿನ ಬಾಗಿಲು ತೆಗೆದು ನ್ಯೂಟ್ರಲ್ ಮಾಡಿದರು. ಎಂಜಿನ್ ಚಾಲೂ ಮಾಡಲಿಲ್ಲ. ಒಂದು ಕೈ ಸ್ಟೀರಿಂಗಿಗೆ ಕೊಟ್ಟು, ಭುಜವನ್ನು ಬಾಗಿಲ ಚೌಕಟ್ಟಿಗೆ ಆನಿಸಿ, ಎದುರುಗಾಳಿಯಲ್ಲಿ, ಧೂಳಿನಲ್ಲಿ, ಮುಂದಿನ ವರ್ಕ್‌ಶಾಪಿನ ಕಡೆಗೆ ತಳ್ಳತೊಡಗಿದರು. ತಳ್ಳಿದರೂ ಮೀಟರ್ ತಿರುಗುತ್ತದೆ ಎಂದು ಕೂಗಿ ಹೇಳಬಹುದಿತ್ತು. ಚಕ್ರಗಳು ಒಂದೊಂದೇ ಸುತ್ತು, ನಿಧಾನವಾಗಿ ತಿರುಗುತ್ತಿದ್ದವು.