ಅಪ್‌ಡೇಟ್ ತಡವಾದದ್ದಕ್ಕೆ ಅಜ್ಜಿ ತೀರಿಕೊಂಡದ್ದು

ಬ್ರಹ್ಮ ಲೋಕ ಮಾಡಲು ಕುಳಿತಾಗ ಕೆಳಗೆ ಕಮೆಂಟ್ ಹಾಕುವವರು ಯಾರೂ ಇರಲಿಲ್ಲ. ಅದು ಅವನ ಪುಣ್ಯ, ನಮ್ಮದೂ ಹೌದು. ಇದ್ದಿದ್ದರೆ ಮೀನು ಮಾಡಿದ ದಿನವೇ ‘ಕಾಲೆಲ್ಲಿ?’ ಎಂದು ಕೇಳುತ್ತಿದ್ದರು. ಕತ್ತೆ ಮಾಡಿದ ದಿನ ‘ಇದಕ್ಕಾ ಇಷ್ಟು ದಿನ ತಗೊಂಡಿದ್ದು?’ ಎನ್ನುತ್ತಿದ್ದರು. ಅವನು ನಾಲ್ಕು ತಲೆಗೂ ಟವೆಲ್ ಹೊದ್ದುಕೊಂಡು ಎದ್ದು ಹೋಗಿಬಿಡುತ್ತಿದ್ದ.

ಸಂತೇಬೆನ್ನೂರಿನ ಕೆಂಚೇಶನಿಗೆ ಆ ಪುಣ್ಯ ಇರಲಿಲ್ಲ.

ಕೆಂಚೇಶ ಹಗಲೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ಇರುತ್ತಿದ್ದ. ಸಂಜೆ ಮನೆಗೆ ಬಂದು, ಅಜ್ಜಿ ಓಬವ್ವ ಕೊಟ್ಟ ಚಹಾ ಕುಡಿದು, ಲ್ಯಾಪ್‌ಟಾಪ್ ಮುಂದೆ ಕುಳಿತು ಒಬ್ಬನೇ ಒಂದು ಗೇಮ್ ಮಾಡುತ್ತಿದ್ದ. ಅದರ ಹೆಸರು ‘ರೈಟ್ ರೈಟ್’. ಆಡುವವನು ಖಾಸಗಿ ಬಸ್ಸಿನ ಡ್ರೈವರ್. ಚನ್ನಗಿರಿ ಸ್ಟ್ಯಾಂಡಿನಿಂದ ಹೊರಟು ಹೊನ್ನಾಳಿ, ನ್ಯಾಮತಿ ಮುಟ್ಟಿಸಿ, ಆಮೇಲೆ ದಾವಣಗೆರೆ ಹಾದು ಜಗಳೂರು ಸೇರಬೇಕು. ದಾರಿಯಲ್ಲಿ ಕೋಳಿ ಅಡ್ಡ ಬರುತ್ತದೆ, ಮದುವೆ ದಿಬ್ಬಣ ಅಡ್ಡ ಬರುತ್ತದೆ, ‘ಇಲ್ಲೇ ಇಳಿಸ್ರೀ’ ಎನ್ನುವ ಮುದುಕಿಯರು ಪ್ರತಿ ಮೋರಿಗೂ ಎದ್ದು ನಿಲ್ಲುತ್ತಾರೆ.

ಬಸ್ಸು ಸ್ಟ್ಯಾಂಡು ಬಿಡುವ ಮೊದಲ ವಿಡಿಯೋ ಹಾಕಿದಾಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ತಾಲ್ಲೂಕಿನ ಹುಡುಗರು ಕುಣಿದರು. ನಮ್ಮ ಕಡೆಯ ಊರುಗಳು ಯಾವ ಗೇಮಿನಲ್ಲೂ ಬಂದದ್ದಿಲ್ಲ. ಕೆಂಚೇಶ ಆ ಖುಷಿಯಲ್ಲಿ ‘ಬರೋ ಯುಗಾದಿಗೆ ಪೂರ್ತಿ ಬಿಡ್ತೀನಿ’ ಎಂದು ಬರೆದ.

ಯುಗಾದಿ ಬಂತು. ಬೇವು ಬೆಲ್ಲ ತಿಂದದ್ದಾಯಿತು. ಮತ್ತೊಂದು ಯುಗಾದಿಯೂ ಬಂದು ಹೋಯಿತು. ಗೇಮಿನ ಬದಲಿಗೆ ಕಾರಣಗಳು ಬಂದವು. ಕರೆಂಟ್ ಇರಲಿಲ್ಲ. ಮಣಿಕಟ್ಟು ಉಳುಕಿತ್ತು. ಮಾವನ ಮಗಳ ಮದುವೆ. ಲ್ಯಾಪ್‌ಟಾಪಿನೊಳಗೆ ಕಟ್ಟಿರುವೆ ಸೇರಿದ್ದವು; ಇದಕ್ಕೆ ಪುರಾವೆಯಾಗಿ ಒಂದು ಇರುವೆಯ ಫೋಟೋ ಕೂಡ ಹಾಕಿದ.

ಜನ ಸುಮ್ಮನಿರುತ್ತಾರೆಯೇ?

‘ನ್ಯಾಮತಿಗೆ ತಾಲ್ಲೂಕು ಪಟ್ಟನೇ ಸಿಕ್ತು, ನಿನ್ನ ಬಸ್ಸಿಗೆ ಇನ್ನೂ ಗೇರ್ ಸಿಕ್ಕಿಲ್ಲ’ ಎಂದು ನ್ಯಾಮತಿಯವನೊಬ್ಬ ಬರೆದ. ‘ನೀನು ಜಗಳೂರು ಮುಟ್ಟೋ ಹೊತ್ತಿಗೆ ನನ್ನ ಮಗ ಲೈಸೆನ್ಸ್ ತಗೋತಾನೆ, ಅವನ್ನೇ ಡ್ರೈವರ್ ಮಾಡ್ಕೋ’ ಎಂದು ಜಗಳೂರಿನವನೊಬ್ಬ. ಎಲ್ಲರಿಗಿಂತ ಖಾರವಾಗಿ ಬರೆಯುತ್ತಿದ್ದವನು ‘ಹೊನ್ನಾಳಿ ಹುಲಿ’ ಎಂಬ ಹೆಸರಿನವನು. ಅವನು ಪ್ರತಿ ಶುಕ್ರವಾರ ತಪ್ಪದೆ ಬರುತ್ತಿದ್ದ. ‘ಇರುವೆ ಫೋಟೋ ಚೆನ್ನಾಗೈತೆ ಅಣ್ಣಾ. ಬಸ್ ತಳ್ಳಾಕೆ ಅವನ್ನೇ ಕರ್ಕೋ’ ಎಂದು ಬರೆದದ್ದು ಅವನೇ. ಅದಕ್ಕೆ ಬಿದ್ದ ಲೈಕುಗಳು ಗೇಮಿಗೂ ಬಿದ್ದಿರಲಿಲ್ಲ.

ಕೊನೆಗೆ ಕೆಂಚೇಶನಿಗೂ ರೋಷ ಬಂತು. ‘ಈ ಭಾನುವಾರ ಹೊನ್ನಾಳಿ ಸೇತುವೆ ತನಕ ಬಿಡ್ತೀನಿ. ಬಿಡದಿದ್ರೆ ನನ್ನ ಹೆಸರು ಕೆಂಚೇಶನೇ ಅಲ್ಲ’ ಎಂದು ಬರೆದುಬಿಟ್ಟ. ಹುಲಿ ಕೆಳಗೆ ಬರೆದ: ‘ಇದೇ ಕೊನೇ ಸಲ. ಭಾನುವಾರ ಬರ್ಲಿಲ್ಲ ಅಂದ್ರೆ ನಾವೆಲ್ಲ ಇಳಿದು ಹೋಗ್ತೀವಿ.’ ನ್ಯಾಮತಿ, ಜಗಳೂರುಗಳೂ ಅದಕ್ಕೆ ಹೂಂಗುಟ್ಟಿದವು.

ಶನಿವಾರ ಸಂಜೆಯಾದರೂ ಸೇತುವೆ ಆಗಿರಲಿಲ್ಲ. ಕೆಂಚೇಶ ಫೋನ್ ಹಿಡಿದು ಬಹಳ ಹೊತ್ತು ಕುಳಿತ. ಕರೆಂಟು, ಮಣಿಕಟ್ಟು, ಮದುವೆ, ಇರುವೆ ಎಲ್ಲ ಖರ್ಚಾಗಿದ್ದವು. ಒಳಗೆ ಓಬವ್ವ ಶೇಂಗಾ ಹುರಿಯುತ್ತ, ಟಿವಿ ಧಾರಾವಾಹಿಯ ಅತ್ತೆಗೆ ಶಾಪ ಹಾಕುತ್ತಿದ್ದಳು. ಅವಳ ದನಿ ಕೇಳಿಯೇ ಅವನಿಗೆ ಆ ಬುದ್ಧಿ ಬಂದಿರಬೇಕು. ಬರೆದ:

‘ನಮ್ಮಜ್ಜಿ ಓಬವ್ವ ಇಂದು ದೈವಾಧೀನರಾದರು. ಅಪ್‌ಡೇಟ್ ತಡವಾಗುತ್ತದೆ. ಕ್ಷಮೆ ಇರಲಿ.’

ಕ್ಷಣದಲ್ಲಿ ನಾಲ್ಕು ತಾಲ್ಲೂಕೂ ತಣ್ಣಗಾಯಿತು. ಸಾಲು ಸಾಲಾಗಿ ಕೈಮುಗಿದ ಚಿತ್ರಗಳು. ‘ಓಂ ಶಾಂತಿ’. ‘ಧೈರ್ಯ ತಂದ್ಕೋ ಅಣ್ಣಾ, ಬಸ್ ಎಲ್ಲಿಗೆ ಹೋಗ್ತೈತೆ’. ಹುಲಿ ಮಾತ್ರ ಏನೂ ಬರೆಯಲಿಲ್ಲ. ಎರಡು ವರ್ಷಗಳಲ್ಲಿ ಮೊದಲ ಸಲ ಕೆಂಚೇಶನ ಎದೆ ಹಗುರಾಯಿತು. ಅಜ್ಜಿ ತಂದುಕೊಟ್ಟ ಬಿಸಿ ಶೇಂಗಾ ತಿಂದು ನಿಶ್ಚಿಂತೆಯಿಂದ ಮಲಗಿದ.

ಹುಲಿ ಸುಮ್ಮನಿದ್ದದ್ದು ನಂಬದೆ ಅಲ್ಲ, ನಂಬಿ. ಅವನ ನಿಜವಾದ ಹೆಸರು ಅಲ್ತಾಫ್, ಹೊನ್ನಾಳಿಯಲ್ಲಿ ಬೈಕ್ ಮೆಕ್ಯಾನಿಕ್. ಸುದ್ದಿ ಓದಿ ಅವನು ತಾಯಿ ಹಜೀರಾಗೆ ಹೇಳಿದ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೇಕಾದವರು ಊಟ ಒಯ್ಯಬೇಕು. ಇದು ಅವರಲ್ಲೂ ಇದೆ, ಇವರಲ್ಲೂ ಇದೆ. ‘ಬೈಯಾಕೆ ಪ್ರತಿ ವಾರ ಹೋಗ್ತಿದ್ದೆಯಲ್ಲ, ಊಟ ಕೊಡಾಕೆ ಒಂದ್ಸಲ ಹೋಗು’ ಎಂದು ಹಜೀರಾ ಭಾನುವಾರ ಬೆಳಿಗ್ಗೆ ಎದ್ದು ಅಡುಗೆ ಮಾಡಿ ಕ್ಯಾರಿಯರಿಗೆ ತುಂಬಿದಳು. ಅಲ್ತಾಫ್ ಅದನ್ನು ಬೈಕಿಗೆ ಕಟ್ಟಿಕೊಂಡು, ಹೊಳೆ ದಾಟಿ, ಚನ್ನಗಿರಿ ದಾಟಿ, ಸಂತೇಬೆನ್ನೂರಿಗೆ ಬಂದ.

ಮನೆ ಮುಂದಿನ ಜಗಲಿಯಲ್ಲಿ ಒಬ್ಬ ಮುದುಕಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದಳು.

‘ಅಜ್ಜಿ, ಬಸ್ ಗೇಮಿನ ಕೆಂಚೇಶಣ್ಣನ ಮನೆ ಇದೇನಾ?’

‘ಹೂನಪ್ಪಾ. ಯಾಕೆ?’

‘ಅವರಜ್ಜಿ ತೀರ್ಕೊಂಡ್ರಂತಲ್ಲ, ಮಾತಾಡ್ಸಾಕೆ ಬಂದೆ.’

ಮುದುಕಿ ಕೈ ನಿಲ್ಲಿಸಿದಳು. ‘ಯಾವ ಅಜ್ಜಿ?’

‘ಓಬವ್ವ ಅಂತೆ.’

‘ಯಾವಾಗಂತೆ?’

‘ನಿನ್ನೆ.’

‘ನಿನ್ನೆ ನಾನು ಮನೇಲೇ ಇದ್ನಲ್ಲಪ್ಪಾ, ನನಗೇ ಹೇಳ್ಲಿಲ್ಲ’ ಎಂದಳು ಓಬವ್ವ. ಆಮೇಲೆ ಅವಳ ಕಣ್ಣು ಕ್ಯಾರಿಯರಿನ ಮೇಲೆ ಹೋಯಿತು. ‘ಅದೇನು?’

‘ಊಟ. ಒಲೆ ಹಚ್ಚಂಗಿಲ್ವಲ್ಲ ಅಂತ ನಮ್ಮಮ್ಮಿ ಕಳಿಸಿದಾಳೆ. ಅನ್ನ, ಬೇಳೆ ಸಾರು, ಹುರುಳಿಕಾಯಿ ಪಲ್ಯ.’

‘ಕೋಳಿ ಇಲ್ವಾ?’

‘ಸಾವಿನ ಮನೆ ಅಂತ...’

‘ಸತ್ತಿದ್ದು ನಾನಪ್ಪಾ, ನನ್ನ ನಾಲಿಗೆ ಅಲ್ಲ’ ಎಂದು ಓಬವ್ವ ಬಾಗಿಲ ಕಡೆ ತಿರುಗಿ ಕೂಗಿದಳು. ‘ಲೇ ಕೆಂಚಾ! ಎದ್ದು ಬಾರೋ. ನಾನು ಸತ್ತಿದ್ದಕ್ಕೆ ಊಟ ಬಂದೈತೆ!’

ಕೆಂಚೇಶ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದ. ಬಂದವನು ತಾನು ಯಾರೆಂದು ಹೇಳಿದ. ಹುಲಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ಪೇಸ್ಟು ಗಂಟಲಿಗಿಳಿಯಿತು.

ಅಲ್ತಾಫ್ ಅಜ್ಜಿಯನ್ನು ನೋಡಿದ, ಮೊಮ್ಮಗನನ್ನು ನೋಡಿದ. ಅವನಿಗೆ ಅರ್ಥವಾಯಿತು.

‘ನಮ್ಮಮ್ಮಿ ಬೆಳಿಗ್ಗೆ ನಮಾಜಲ್ಲಿ ಈ ಅಜ್ಜಿಗೆ ದುವಾ ಕೇಳಿದಾಳೆ ಕಣೋ’ ಎಂದ. ‘ಅಣ್ಣ’ ಹೋಗಿ ‘ಕಣೋ’ ಬಂದಿತ್ತು. ‘ಇರುವೆ ಅಂದಿ, ಸಹಿಸ್ಕೊಂಡ್ವಿ. ಮುದುಕೀನೇ ಸಾಯಿಸ್ತೀಯಾ? ನೋಡ್ತಿರು, ಈಗಲೇ ಲೈವ್ ಹೋಗ್ತೀನಿ. ನಾಲ್ಕು ತಾಲ್ಲೂಕೂ ನೋಡ್ಲಿ ನಿನ್ನ ದೈವಾಧೀನಾನ.’

ಅವನು ಫೋನ್ ಎತ್ತಿದ. ಕೆಂಚೇಶ ಬ್ರಷ್ಷು ಬಾಯಿಂದ ತೆಗೆದ. ಗೇಮ್ ಹೋದರೆ ಇನ್ನೊಂದು ಮಾಡಬಹುದು. ಅಜ್ಜಿಯನ್ನು ಸಾಯಿಸಿದವನ ಬಸ್ಸಿಗೆ ಯಾರು ಹತ್ತುತ್ತಾರೆ?

‘ನಿಲ್ಲಪ್ಪಾ’ ಎಂದಳು ಓಬವ್ವ, ಹುಣಸೆಬೀಜವೊಂದನ್ನು ಅಂಗಳಕ್ಕೆ ಎಸೆಯುತ್ತ. ‘ನನಗೆ ಕಾಗೆ ಮುಟ್ಟಿತ್ತು.’

ಅಲ್ತಾಫನ ಕೈ ಅಲ್ಲೇ ನಿಂತಿತು.

‘ನಿನ್ನೆ ಹಿತ್ತಿಲಲ್ಲಿ ಬಟ್ಟೆ ಒಣಗ್ಹಾಕ್ತಿದ್ದೆ, ಬಂದು ತಲೆ ಮೇಲೆ ಬಡೀತು. ಶನಿವಾರ ಬೇರೆ. ಹಂಗೆ ಆದ್ರೆ ಸತ್ತರು ಅಂತ ಸುಳ್ಳು ಸುದ್ದಿ ಕಳಿಸ್ಬೇಕು. ಕೇಳಿದೋರು ನಾಲ್ಕು ಹನಿ ಕಣ್ಣೀರು ಹಾಕಿದ್ರೆ ಪೀಡೆ ಕಳೀತದೆ. ನಾನೇ ಹೇಳಿದ್ದು ಇವನಿಗೆ, ಹಾಕೋ ಸುದ್ದಿ ಅಂತ. ಆಗ್ಲೇ ನಿನ್ನ ಮುಂದೆ ತಿಳೀದೋಳಂಗೆ ಆಡಿದ್ದೂ ಅದಕ್ಕೇ, ಪೀಡೆಗೆ ಗೊತ್ತಾಗ್ಬಾರ್ದು ಅಂತ.’

ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಹಿಂದೆ ಇದಕ್ಕೆ ಕಾಗದ ಬರೆಯುತ್ತಿದ್ದರು, ಟೆಲಿಗ್ರಾಂ ಕೊಡುತ್ತಿದ್ದರು. ಬೀಗರು ಎದೆ ಬಡಿದುಕೊಂಡು ಬಂದು, ಸತ್ತವರ ಕೈಯಿಂದಲೇ ಚಹಾ ಕುಡಿದು ಹೋಗುತ್ತಿದ್ದರು. ಅಲ್ತಾಫನ ಓಣಿಯ ಕರಿಯಕ್ಕನಿಗೂ ಹೀಗೇ ಆಗಿತ್ತು. ಆ ದಿನ ಹಜೀರಾ ನಿಜವಾಗಿಯೇ ಅತ್ತಿದ್ದಳು. ಅವನು ಫೋನ್ ಇಳಿಸಿದ.

‘ಮಾಫ್ ಮಾಡ್ರಿ ಕೆಂಚೇಶಣ್ಣ’ ಎಂದ. ‘ನನಗೆ ತಿಳೀಲಿಲ್ಲ. ಇಷ್ಟು ದಿನ ಬೈದು ಬರ್ದಿದ್ದೆಲ್ಲ... ಇರುವೆದೂ ನಿಜಾನೇ ಇರ್ಬೇಕು.’

ಕೆಂಚೇಶ ಅಜ್ಜಿಯ ಮುಖ ನೋಡಿದ. ಹಣೆಯ ವಿಭೂತಿ ಕೂಡ ಅಲುಗಿರಲಿಲ್ಲ. ದಿನಾ ದೀಪ ಹಚ್ಚದೆ ನೀರು ಮುಟ್ಟದವಳು, ಸೋಮವಾರ ಉಪವಾಸ ಮಾಡುವವಳು, ಇಂಥ ಸುಳ್ಳನ್ನು ಬೀಜ ಬಿಡಿಸಿದಷ್ಟು ಸಲೀಸಾಗಿ ಹೇಳಿದ್ದಳು. ಅವನು ಎರಡು ವರ್ಷದಲ್ಲಿ ಹುಡುಕಿದ ಕಾರಣಗಳೆಲ್ಲ ಇದರ ಮುಂದೆ ಕಸ. ಇದಕ್ಕೆ ಶಾಸ್ತ್ರದ ಬೆಂಬಲವೂ ಇತ್ತು.

‘ಹಂಗಾದ್ರೆ ಬಂದಿದ್ದಾಯ್ತು, ಸೇತುವೆ ತೋರ್ಸಿ ಅಣ್ಣಾ’ ಎಂದ ಅಲ್ತಾಫ್. ‘ಎಷ್ಟಾಗೈತೋ ಅಷ್ಟೇ.’

ಕೆಂಚೇಶ ಲ್ಯಾಪ್‌ಟಾಪ್ ತೆರೆದ. ಓಬವ್ವ ತನ್ನ ತಟ್ಟೆಗೆ ಅನ್ನ ಸಾರು ಬಡಿಸಿಕೊಂಡು ಬಂದು ಲ್ಯಾಪ್‌ಟಾಪ್ ಎದುರಿಗೆ ಕುಳಿತಳು. ‘ಉಪ್ಪು ಒಂಚೂರು ಮುಂದೈತೆ. ನಿಮ್ಮವ್ವಗೆ ಹೇಳ್ಬೇಡ, ಚೆನ್ನಾಗಿತ್ತು ಅನ್ನು’ ಎಂದಳು.

ಬಸ್ಸು ಚನ್ನಗಿರಿ ಸ್ಟ್ಯಾಂಡು ಬಿಟ್ಟಿತು. ಅಲ್ತಾಫ್ ಮುಂದಕ್ಕೆ ಬಾಗಿದ. ಗಾಜಿನ ಮುಂದೆ ಕಟ್ಟಿದ ನಿಂಬೆಹಣ್ಣು ಪ್ರತಿ ಗುಂಡಿಗೂ ನಿಜವಾದ ನಿಂಬೆಹಣ್ಣಿನಂತೆ ತೂಗಿತು. ದೇವರ ಫೋಟೋದ ಸುತ್ತ ಬಣ್ಣದ ಲೈಟು ಓಡಿತು. ಹಿಂದಿನ ಸೀಟಿನ ರೆಕ್ಸಿನ್ ಹರಿದು, ಒಳಗಿನ ತೆಂಗಿನ ನಾರು ಇಣುಕುತ್ತಿತ್ತು. ‘ಅಬ್ಬಾ, ನಾರು!’ ಎಂದ ಅಲ್ತಾಫ್. ಬಸ್ಸು ಓಡಿತು, ಓಡಿತು, ಹೊಳೆ ಕಂಡಿತು, ಸೇತುವೆಯ ಮೇಲೆ ಮುಂದಿನ ಗಾಲಿ ಇಟ್ಟಿತು. ಸೇತುವೆ ಗಾಳಿಯೇನೋ ಎಂಬಂತೆ ಬಸ್ಸು ಅದರೊಳಗಿಂದ ಇಳಿದು ತುಂಗಭದ್ರೆಯಲ್ಲಿ ಮುಳುಗಿತು.



‘ಯಾಕಣ್ಣಾ ಹಿಂಗೆ?’ ಎಂದ ಅಲ್ತಾಫ್ ಮೆಲ್ಲಗೆ.

ಕೆಂಚೇಶ ಬಾಯಿ ತೆರೆದ. ಫೈಲು ಕೆಟ್ಟಿದೆ ಎನ್ನಬೇಕೆಂದಿದ್ದ. ಅಷ್ಟರಲ್ಲಿ ಪಕ್ಕದಲ್ಲಿ ಅಜ್ಜಿ ತುತ್ತು ಹಿಡಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡದ್ದು ಕಂಡಿತು. ಅವಳು ಇನ್ನೊಂದು ಕಾಗೆ ತರಲು ಹೊರಟಿದ್ದಳು. ಅವನ ಸಲುವಾಗಿ ಅವಳು ಪ್ರತಿ ಭಾನುವಾರ ಸಾಯಲು ತಯಾರಿದ್ದಳು. ಅದು ಅವನಿಗೆ ತಡೆಯದಾಯಿತು.

‘ಸುಮ್ನಿರಜ್ಜಿ’ ಎಂದ. ಆಮೇಲೆ ಅಲ್ತಾಫನ ಕಡೆ ತಿರುಗಿದ. ‘ಯಾವ ಕಾಗೇನೂ ಮುಟ್ಟಿಲ್ಲ. ಇವಳನ್ನ ನಾನೇ ಸಾಯಿಸಿದ್ದು. ಫೋಟೋದ ಇರುವೆ ನಮ್ಮನೆ ಸಕ್ಕರೆ ಡಬ್ಬೀದು. ನನಗೆ ಸೇತುವೆ ಮಾಡಾಕೆ ಬರಲ್ಲ. ಹೆಂಗೆ ಮಾಡಿದ್ರೂ ಬಸ್ಸು ಬೀಳ್ತದೆ. ಯಾಕೆ ಅಂತ ಗೊತ್ತಿಲ್ಲ. ನಿಂಬೆಹಣ್ಣು ಮಾಡಾಕೆ ಬರ್ತದೆ, ನಾರು ಮಾಡಾಕೆ ಬರ್ತದೆ. ಅದಕ್ಕೇ ಎರಡು ವರ್ಷ ಅವನ್ನೇ ಮಾಡ್ಕೊಂಡು ಕೂತಿದ್ದೆ.’

ಓಬವ್ವ ತಟ್ಟೆ ಕೆಳಗಿಟ್ಟಳು. ‘ಥೂ ನಿನ್ನ! ಅಷ್ಟು ಚೆನ್ನಾಗಿ ಕಾಗೆ ಹಾರಿಸಿದ್ನಲ್ಲೋ! ಶಿವನ ಹತ್ರ ಹೆಂಗೆ ಲೆಕ್ಕ ಒಪ್ಪಿಸ್ಲಿ ಅಂತ ಅದನ್ನೂ ಯೋಚ್ನೆ ಮಾಡಿಟ್ಕೊಂಡಿದ್ದೆ.’

ಅಲ್ತಾಫ್ ನಕ್ಕನೋ ಬೈದನೋ ತಿಳಿಯದ ಸದ್ದು ಮಾಡಿದ. ‘ಇದನ್ನ ಮೊದ್ಲೇ ಬರ್ದಿದ್ರೆ ಏನಾಗ್ತಿತ್ತು?’

‘ನೀವೆಲ್ಲ ಇಳಿದು ಹೋಗ್ತಿದ್ರಿ.’

‘ಹೊಳೆ ಮಧ್ಯ ನಿಲ್ಸಿದೀಯ, ಇಳಿಯಾಕೆ ಜಾಗ ಎಲ್ಲೈತೆ?’ ಎಂದ ಅಲ್ತಾಫ್. ‘ಈಗ ಬರಿ. ನಾನು ಬರೆದ್ರೆ ಚಾಡಿ ಆಗ್ತದೆ. ನೀನೇ ಬರಿ.’

ಕೆಂಚೇಶ ಫೋನ್ ಎತ್ತಿಕೊಂಡ. ಬರೆದ: ‘ಅಜ್ಜಿ ಬದುಕಿದ್ದಾಳೆ. ನಾನು ಸುಳ್ಳು ಹೇಳಿದ್ದೆ. ಸೇತುವೆ ಮಾಡಲು ನನಗೆ ಬರುತ್ತಿಲ್ಲ, ಬಸ್ಸು ಹೊಳೆಗೆ ಬೀಳುತ್ತದೆ. ಆಗಿರುವಷ್ಟು ಗೇಮನ್ನು ಹಾಗೇ ಇಲ್ಲಿ ಹಾಕಿದ್ದೇನೆ. ಬೇಕಾದವರು ಹತ್ತಿ.’ ಪ್ರಮಾಣಕ್ಕೆ ಅಜ್ಜಿಯ ಫೋಟೋ ಹಾಕಿದ. ಅವಳ ಬಾಯಲ್ಲಿ ಇನ್ನೂ ಹುರುಳಿಕಾಯಿ ಇತ್ತು.

ಬೈಗುಳ ಬಂದವು. ಹಿಂದೆಂದೂ ಬರದಂಥವು. ‘ನಮ್ಮ ಓಂ ಶಾಂತಿ ವಾಪಸ್ ಕೊಡು’ ಎಂದರು. ನ್ಯಾಮತಿಯವನು ಇಳಿದು ಹೋಗುತ್ತೇನೆಂದು ಹೇಳಿ ಹೋದೇಬಿಟ್ಟ, ಅವನ ಹಿಂದೆ ಬಹಳ ಜನ ಹೋದರು. ಕೆಂಚೇಶ ಒಂದೊಂದನ್ನೂ ಗಟ್ಟಿಯಾಗಿ ಓದಿದ. ಓಬವ್ವ ಕೆಲವು ಬೈಗುಳಕ್ಕೆ ತಲೆದೂಗಿದಳು, ಒಂದೆರಡನ್ನು ತಿದ್ದಿದಳು.

ಆಮೇಲೆ ಜಗಳೂರಿನಿಂದ ಒಂದು ಬಂತು: ‘ನಾನು ಬಿದ್ದೆ. ನನ್ನ ಮಗನೂ ಬಿದ್ದ. ನಗು ತಡೆಯಾಕೆ ಆಗ್ತಿಲ್ಲ. ಸೇತುವೆ ಕಣ್ಣಿಗೆ ಕಾಣ್ತದೆ, ಗಾಲಿಗೆ ಕಾಣ್ತಿಲ್ಲ ಅನ್ಸುತ್ತೆ ನೋಡು.’

ಕೆಂಚೇಶ ಅದನ್ನು ಎರಡು ಸಲ ಓದಿ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡ. ಅಲ್ತಾಫ್ ಪಕ್ಕಕ್ಕೆ ಸರಿದು ಕುಳಿತ. ಇಬ್ಬರೂ ಸೇತುವೆಯನ್ನೇ ದಿಟ್ಟಿಸತೊಡಗಿದರು.

ಓಬವ್ವ ಕೈ ತೊಳೆದು ಬಂದು ಇಬ್ಬರ ನಡುವೆ ತಲೆ ತೂರಿಸಿದಳು.

‘ತಡಿಯೋ, ಅದನ್ನ ಸರಿ ಮಾಡೋಕೆ ಮುಂಚೆ ನನ್ನನ್ನೂ ಒಂದ್ಸಲ ಬೀಳ್ಸು. ತುಂಗಭದ್ರೆಯಾಗೆ ಮುಳುಗೋದು ಅಂದ್ರೆ ಸುಮ್ನೇನಾ? ಹೋಗಾಕೆ ಚಾರ್ಜೂ ಇಲ್ಲ.’

ಬಸ್ಸು ಬಿತ್ತು. ಓಬವ್ವ ಕಣ್ಣು ಮುಚ್ಚಿ ಕೈಮುಗಿದು, ‘ಶಿವಾ, ಆ ಕಾಗೆ ಮಾತು ಇಲ್ಲಿಗೆ ತೊಳೆದುಹೋಗ್ಲಪ್ಪಾ’ ಎಂದಳು. ಆಮೇಲೆ ಒಂದು ಕಣ್ಣು ತೆರೆದು, ‘ಇನ್ನೊಂದ್ಸಲ’ ಎಂದಳು.