ಹಗ್ಗದಾಚೆಯ ಬುತ್ತಿ

"ಒಳಗ ಎಲ್ಲಾ ಬಿಡ್ತೇನ್ರಿ ಸರ, ಇದನ್ನೊಂದು ಬಿಡಾಕ ಬರಂಗಿಲ್ಲ" ಎಂದು ರೆಸಾರ್ಟಿನ ಗೇಟಿನ ಕಾವಲುಗಾರ ಉಸ್ಮಾನಸಾಬ ಕಾರಿನ ಡಿಕ್ಕಿಯಲ್ಲಿದ್ದ ಬಿದಿರಿನ ಬುಟ್ಟಿಯ ಮೇಲೆ ಕೈಯಿಟ್ಟು ನಿಂತ. ಅವನು ಸವಣೂರಿನವನು. ಬಿಳಿಯ ಬಟ್ಟೆ ಬಿಗಿದು ಕಟ್ಟಿದ ಆ ಬುಟ್ಟಿಯೊಳಗೆ ಏನಿದೆಯೆಂದು ಬಿಚ್ಚಿ ನೋಡುವ ಅಗತ್ಯ ಅವನಿಗಿರಲಿಲ್ಲ. ಎಣ್ಣೆಗಾಯಿಯ ಘಮವೇ ಎಲ್ಲವನ್ನೂ ಹೇಳುತ್ತಿತ್ತು.

"ಬಯಕಿ ಬುತ್ತಿ ಅಲ್ರೀ ಅಕ್ಕಾರ?" ಎಂದು ಅವನು ವೀರವ್ವನನ್ನು ಕೇಳಿದ.

"ಹೌದಪ್ಪಾ. ಮಗಳಿಗೆ ಏಳರಾಗ ಬಿದ್ದೈತಿ. ತವರಿನ ಬುತ್ತಿ ತಡಿಯೂ ಮಂದೀನ ನಾ ಇವತ್ತ ನೋಡಿದ್ದು."

"ನಾ ಎಲ್ಲಿ ತಡಿಯಾಕತ್ತೇನ್ರಿ? ಆ ಬೋರ್ಡ್ ತಡಿಯಾಕತ್ತೈತಿ."

ಪರಮೇಶಪ್ಪನವರು ಬೋರ್ಡಿನ ಎದುರು ನಿಂತು ಮೊದಲಿನಿಂದ ಕೊನೆಯವರೆಗೆ ಓದಿದರು. ಹಂಸಭಾವಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದ ಅವರಿಗೆ ಯಾವ ಬರಹವನ್ನೂ ಅರ್ಧಕ್ಕೆ ಬಿಟ್ಟು ಹೋಗುವ ಅಭ್ಯಾಸವಿರಲಿಲ್ಲ. ಮೇಲೆ ದಪ್ಪ ಅಕ್ಷರಗಳಲ್ಲಿ, ಊಟ ತಿಂಡಿ ಪಾನೀಯ ಆಟ ಎಲ್ಲವೂ ಸೇರಿದೆ ಎಂದಿತ್ತು. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಹೊರಗಿನ ಆಹಾರವನ್ನು ಆವರಣದೊಳಗೆ ತರುವಂತಿಲ್ಲ ಎಂದಿತ್ತು. ಎಲ್ಲವೂ ಸೇರಿದೆ ಎಂದು ಹೆಮ್ಮೆಪಡುವ ಜಾಗದಲ್ಲಿ ತಾಯಿಯ ಕೈಯ ಒಂದು ರೊಟ್ಟಿಗೆ ಸ್ಥಳವಿಲ್ಲವೆಂದರೆ ಆ ಮಾತಿನ ಯೋಗ್ಯತೆಯೇನು? ಅವರ ಕಿವಿಗಳು ಬಿಸಿಯಾದವು. ಆದರೂ ನಿಯಮ ನಿಯಮವೇ. ಅದು ಕೆಟ್ಟದ್ದೆಂದು ವಾದಿಸಬಹುದು, ಬದಲಿಸಿರೆಂದು ಕೇಳಬಹುದು. ಓದಿ ತಿಳಿದ ಮೇಲೆ ಮುರಿಯುವುದು ಅವರಿಂದಾಗದು.

"ಬುಟ್ಟಿ ನಿನ್ನ ಕೋಲ್ಯಾಗ ಇರ್ಲಿ, ಸಾಬಣ್ಣ" ಎಂದರು. "ಇರಿವಿ ಹತ್ತದಂಗ ನೋಡ್ಕೊ."

ವೀರವ್ವ ಗಂಡನ ಕಡೆ ನೋಡಿದ ನೋಟಕ್ಕೆ ಆ ಬೋರ್ಡೇ ಸುಟ್ಟುಹೋಗಬೇಕಿತ್ತು.

ಬುತ್ತಿ ಒಯ್ಯುವ ದಿನ ಮೊದಲೇ ಗೊತ್ತಾಗಿತ್ತು. ಶಿಗ್ಗಾವಿಯಲ್ಲಿ ದನದ ಡಾಕ್ಟರಾಗಿದ್ದ ಅಳಿಯ ಸುದೀಪನಿಗೆ ರಜೆ ಸಿಕ್ಕಿದ್ದೂ ಅದೇ ದಿನ. ಹೆರಿಗೆಗೆ ಮುಂಚೆ ಹೆಂಡತಿಗೆ ಒಮ್ಮೆ ಸಮುದ್ರ ತೋರಿಸಬೇಕೆಂದು ಅವನು ಈ ರೆಸಾರ್ಟನ್ನು ಗೊತ್ತುಮಾಡಿ, ಅತ್ತೆ ಮಾವಂದಿರನ್ನೂ ಕರೆದಿದ್ದ. ಬುತ್ತಿಯನ್ನು ಮುಂದಕ್ಕೆ ಹಾಕೋಣವೆಂದರೆ ವೀರವ್ವ ಒಪ್ಪಲಿಲ್ಲ. "ಮಗಳು ಎಲ್ಲಿರ್ತಾಳೋ ಬುತ್ತಿ ಅಲ್ಲಿಗೆ ಹೋಗಬೇಕು" ಎಂದಿದ್ದಳು. ಬಯಕೆಯ ಬುತ್ತಿಯೆಂದರೆ ಬಸುರಿಯೊಬ್ಬಳ ಹೊಟ್ಟೆಯ ಲೆಕ್ಕವಲ್ಲ. ಅವಳು ಉಂಡ ಮೇಲೆ ಓಣಿಯ ಮನೆಮನೆಗೂ ಹಂಚಬೇಕು. ರೆಸಾರ್ಟಿಗೆ ಓಣಿ ಇರುವುದಿಲ್ಲವೆಂಬುದು ಆ ತಾಯಿಗೆ ಹೊಳೆಯಲೇ ಇಲ್ಲ. ಇಡೀ ಓಣಿಗಾಗುವಷ್ಟು ಖಡಕ್ ರೊಟ್ಟಿ, ಎಣ್ಣೆಗಾಯಿ, ಕೆಂಪು ಖಾರ, ಬೆಣ್ಣೆ, ಶೇಂಗಾ ಹೋಳಿಗೆ, ಡಬ್ಬಿ ತುಂಬ ಮೊಸರನ್ನ ಕಟ್ಟಿಕೊಂಡು, ತಿಳವಳ್ಳಿಯ ಮೇಲೆ ಬರುವ ಮೊದಲ ಬಸ್ಸಿಗೆ ಹಾನಗಲ್ಲಿಗೆ ಬಂದು, ಅಲ್ಲಿಂದ ಅಳಿಯನ ಕಾರು ಹತ್ತಿದ್ದಳು.

ಒಳಗೆ ಎಲ್ಲರ ಮಣಿಕಟ್ಟಿಗೂ ಹಳದಿ ಪಟ್ಟಿ ಕಟ್ಟಿದರು. ಪರಮೇಶಪ್ಪನವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ನೀವು ಎಮ್ಮಿ ಕಿವಿಗೆ ಹೊಡಿಯೂ ಬಿಲ್ಲಿ ಇದ್ದಂಗೈತಲ್ಲೋ, ಸುದೀಪ."

"ಬಣ್ಣನೂ ಅದ ಐತ್ರಿ ಮಾವಾರ. ಚೊಲೊ ಆತು, ಕಿವಿ ಉಳೀತು" ಎಂದು ಸುದೀಪ ನಕ್ಕ.

ಸಮುದ್ರ ಕಂಡೊಡನೆ ಮಗಳು ಪೂಜಾ ತಾನು ಏಳು ತಿಂಗಳ ಬಸುರಿ ಎಂಬುದನ್ನೇ ಮರೆತು ಚಪ್ಪಲಿ ಕಳಚಿ ನೀರಿಗಿಳಿದಳು. ಅಲೆಯೊಂದು ಬಂದು ಕಾಲಡಿಯ ಮರಳನ್ನು ಎಳೆದುಕೊಂಡಾಗ "ಅವ್ವಾ, ನೆಲಾನ ಓಡಾಕತ್ತೈತಿ" ಎಂದು ತಾಯಿಯನ್ನು ಹಿಡಿದುಕೊಂಡಳು. ಆ ಸಂತೋಷ ಊಟದ ಹೊತ್ತಿನವರೆಗೆ ನಡೆಯಿತು. ಊಟದ ಮನೆಯಲ್ಲಿ ಸಾಲಾಗಿ ಇಟ್ಟ ಪಾತ್ರೆಗಳ ಮುಚ್ಚಳ ತೆಗೆಯುತ್ತಲೇ ಹುರಿದ ಮೀನಿನ ವಾಸನೆ ಮೂಗಿಗೆ ಬಡಿಯಿತು. ಹುಟ್ಟಿನಿಂದ ಅದನ್ನು ಕಾಣದ ಬಸುರಿಯ ಹೊಟ್ಟೆ ತಾಳಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು. ಕೋಣೆಗೆ ಅನ್ನ ಸಾರು ತರಿಸಿದರು, ಅದೂ ನಿಲ್ಲಲಿಲ್ಲ.

"ಏನ್ ಬೇಕ ಹೇಳವ್ವಾ" ಎಂದು ಪರಮೇಶಪ್ಪನವರು ಮಗಳ ಪಕ್ಕದಲ್ಲಿ ಕುಳಿತರು. "ಇಲ್ಲಿ ಎಲ್ಲಾ ಸೇರೇತಂತ."

"ಅವ್ವನ ರೊಟ್ಟಿ, ಕೆಂಪ್ ಖಾರ ಸೇರೇತೇನಪ್ಪಾ?" ಎಂದಳು ಪೂಜಾ, ಕಣ್ಣು ಮುಚ್ಚಿಕೊಂಡೇ.

ಸುದೀಪ ಹತ್ತಿರ ಬಂದು ಪಿಸುಗುಟ್ಟಿದ. "ಮಾವಾರ, ನಾ ಗೇಟಿಗೆ ಹೋಗಿ ನಾಕ್ ರೊಟ್ಟಿ ಅಂಗಿಯೊಳಗ ಇಟಗೊಂಡು ಬಂದ್ಬಿಡ್ತೇನ್ರಿ."

"ಖಡಕ್ ರೊಟ್ಟಿ ಅವು. ನೀವು ನಡದ್ರ ಅಂಗಿ ಕಟಂ ಕಟಂ ಅಂತೈತಿ" ಎಂದು ಪೂಜಾ ಮಲಗಿದಲ್ಲೇ ನಕ್ಕಳು.

"ಪರೀಕ್ಷಾದಾಗ ಹುಡುಗೂರ ಅಂಗ್ಯಾಗಿನ ಚೀಟಿ ಹಿಡದಾಂವ ನಾ" ಎಂದರು ಪರಮೇಶಪ್ಪನವರು. "ಈಗ ಅಳಿಯನ ಅಂಗ್ಯಾಗಿನ ರೊಟ್ಟಿ ಕಂಡು ಕಣ್ಣ ಮುಚ್ಚಲೇನು?"

"ಮುಚ್ಚಬ್ಯಾಡ್ರಿ" ಎಂದು ವೀರವ್ವ ಎದ್ದು ನಿಂತಳು. "ಬಯಕಿ ಬುತ್ತಿ ಕದ್ದು ತಿನ್ನೂ ಅನ್ನ ಅಲ್ಲ, ನಾಕ್ ಮಂದಿ ಮುಂದ ಬಿಚ್ಚಬೇಕು. ಆದ್ರ ಒಂದು ಹೇಳ್ತೇನಿ. ಹೊತ್ತು ಮುಳುಗಿದ್ರ ಮೊಸರನ್ನ ಹುಳಿ ಆಕ್ಕೈತಿ. ಇಷ್ಟ ವರ್ಷ ಮಂದಿ ಮಕ್ಕಳಿಗೆ ದಾರಿ ತೋರಿಸೀರಿ, ನಿಮ್ಮ ಮಗಳಿಗೊಂದು ತೋರಸ್ರಿ."

ಪರಮೇಶಪ್ಪನವರು ಕೈ ಹಿಂದೆ ಕಟ್ಟಿಕೊಂಡು ದಂಡೆಯ ಕಡೆ ನಡೆದರು. ಮನಸ್ಸು ಕುದಿಯುತ್ತಿತ್ತು. ಅನ್ನವನ್ನು ಅಪರಾಧಿಯಂತೆ ಗೇಟಿನಲ್ಲಿ ಕೂರಿಸಿದ ನಿಯಮದ ಮೇಲೆ ಸಿಟ್ಟು ಒಂದು ಕಡೆ. ಅದನ್ನು ಮೀರಲಾರದ ತಮ್ಮ ಮೇಲೆ ಸಿಟ್ಟು ಇನ್ನೊಂದು ಕಡೆ. ಆರಾಮ ಕುರ್ಚಿಗಳು ಮುಗಿದಲ್ಲಿ, ನೀರಿನ ಕಡೆಗೆ, ಮರಳಿನ ಮೇಲೆ ಗೂಟ ನೆಟ್ಟು ಹಗ್ಗ ಎಳೆದಿದ್ದರು. ಅದರುದ್ದಕ್ಕೂ ಚಿಕ್ಕ ಕೆಂಪು ಬಾವುಟಗಳು. ಹಗ್ಗದ ಆಚೆ ಬೆಸ್ತರ ಹೆಂಗಸೊಬ್ಬಳು ಬುಟ್ಟಿ ಹೊತ್ತು ನಡೆದು ಹೋದಳು. ಅವಳ ಹಿಂದೆ ಒಂದು ದನ, ದನದ ಹಿಂದೆ ಒಂದು ನಾಯಿ. ಯಾರ ಕೈಗೂ ಹಳದಿ ಪಟ್ಟಿ ಇರಲಿಲ್ಲ. ಯಾರೂ ಅವರನ್ನು ತಡೆಯಲಿಲ್ಲ.

ಅವರು ಅಲ್ಲೇ ನಿಂತರು. ಆಮೇಲೆ, ಅಜ್ಜನಾಗುವ ವಯಸ್ಸಿನ ಮನುಷ್ಯ ನಡೆಯಬಾರದಷ್ಟು ಜೋರಾಗಿ ನಡೆದು ಕಚೇರಿಗೆ ಬಂದರು. ಮ್ಯಾನೇಜರ್ ತಹಮೀನಾ ಎದ್ದು ನಿಂತಳು.

"ಆ ಹಗ್ಗದ ಆಚೆ ಇರೋ ದಂಡಿ ಯಾರದವ್ವಾ?"

"ಅದು ನಮ್ಮದಲ್ಲ ಸರ್. ಎಲ್ಲರಿಗೂ ಸೇರಿದ್ದು."

"ಅಂದ್ರ ನಿಮ್ಮ ಬೋರ್ಡಿನ ಮಾತು ಅಲ್ಲಿ ನಡಿಯೂದಿಲ್ಲ."

ತಹಮೀನಾ ಅವರ ಮುಖವನ್ನೇ ನೋಡಿದಳು. ಕೋಣೆಗೆ ಅನ್ನ ಸಾರು ಹೋದದ್ದೂ, ತಟ್ಟೆ ಹಾಗೆಯೇ ಮರಳಿದ್ದೂ ಅವಳಿಗೆ ತಿಳಿದಿತ್ತು. "ಇಲ್ಲ ಸರ್" ಎಂದಳು. ತುಟಿಯಂಚಿನಲ್ಲಿ ನಗು ಬಂದುಬಿಟ್ಟಿತ್ತು. "ಅಲ್ಲಿ ನಮ್ಮದೇನೂ ನಡೆಯುವುದಿಲ್ಲ."

ಬುಟ್ಟಿ ಗೇಟಿನಿಂದ ಒಳಗೆ ಬರಲಿಲ್ಲ. ಉಸ್ಮಾನಸಾಬನ ಕೋಣೆಯಿಂದ ರಸ್ತೆಗಿಳಿದು, ಕಾಂಪೌಂಡನ್ನು ಸುತ್ತಿ, ಬೆಸ್ತರ ದೋಣಿಗಳ ನಡುವೆ ಹಾದು, ಸುದೀಪನ ತಲೆಯ ಮೇಲೆ ಕೂತು ದಂಡೆಗೆ ಬಂತು. ಪಾಳಿ ಮುಗಿಸಿದ ಉಸ್ಮಾನಸಾಬ ಮೊಸರನ್ನದ ಡಬ್ಬಿ ಹಿಡಿದು ಹಿಂದೆ ಬಂದ. ಪರಮೇಶಪ್ಪನವರು ಹಗ್ಗದಿಂದ ಒಂದು ಗೇಣು ಬಿಟ್ಟು ಚಾಪೆ ಹಾಸಿಸಿದರು. ವೀರವ್ವ ಮಗಳ ಹಣೆಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಗಂಟು ಬಿಚ್ಚಿದಳು. ಮೊದಲ ತುತ್ತು ಮೊಸರನ್ನವನ್ನು ಗಂಗವ್ವನಿಗೆಂದು ನೀರಿಗೆ ಹಾಕಿದಳು. ಎರಡನೆಯದು ರೊಟ್ಟಿಯ ಚೂರು, ಮೇಲೆ ಕೆಂಪು ಖಾರ, ಅದರ ಮೇಲೆ ಬೆಣ್ಣೆ. ಪೂಜಾ ಕಚ್ಚಿದ ಸಪ್ಪಳ ಅಲೆಯ ಸಪ್ಪಳದ ನಡುವೆಯೂ ಕೇಳಿಸಿತು. ನುಂಗಿದಳು. ನಾಲ್ವರೂ ಅವಳ ಗಂಟಲನ್ನೇ ನೋಡುತ್ತ ಕುಳಿತರು. ಅವಳು ಕೈ ಚಾಚಿ, "ಎಣ್ಣೆಗಾಯಿ ಹಾಕಬೇ" ಎಂದಳು.

ವೀರವ್ವನಿಗೆ ಆಮೇಲೆ ಓಣಿ ನೆನಪಾಯಿತು. ಹಗ್ಗದ ಒಳಗೆ ಕುರ್ಚಿಗಳಲ್ಲಿ ಒರಗಿದ್ದ ಪಕ್ಕದ ಕೋಣೆಯವರನ್ನು ಕೈಬೀಸಿ ಈಚೆಗೆ ಕರೆದಳು. ಅವರ ಭಾಷೆ ಇವಳಿಗೆ ಬಾರದು, ಇವಳದು ಅವರಿಗೆ ಬಾರದು. ರೊಟ್ಟಿಯ ಮೇಲೇ ಪಲ್ಯ ಹಾಕಿ ಮುಂದೆ ಹಿಡಿದಾಗ ಯಾರೂ ಅರ್ಥ ಕೇಳಬೇಕಾಗಲಿಲ್ಲ. ತಹಮೀನಾ ಹಗ್ಗದ ಒಳಗೆ ಬಂದು ನಿಂತಿದ್ದಳು.

"ತಗೋಳವ್ವಾ, ಬಸುರಿ ಬುತ್ತಿ ಒಲ್ಲೆ ಅನಬಾರ್ದು" ಎಂದು ವೀರವ್ವ ಹೋಳಿಗೆ ಹಿಡಿದ ಕೈಯನ್ನು ಹಗ್ಗದ ಮೇಲೆ ಚಾಚಿದಳು.

"ದಾಟಿಸಬ್ಯಾಡ" ಎಂದು ಪರಮೇಶಪ್ಪನವರು ತಡೆದರು. "ಆಕಿನ ಈಚೆ ಬರ್ಲಿ."

ತಹಮೀನಾ ಕಚೇರಿಯ ಕಡೆ ಒಮ್ಮೆ ನೋಡಿ, ಬೂಟು ಬಿಚ್ಚಿಟ್ಟು, ಹಗ್ಗವನ್ನು ದಾಟಿ ಚಾಪೆಯ ಮೇಲೆ ಕುಳಿತಳು. "ಹಾಗಾದರೆ ಎರಡು ಕೊಡಿ ಅಮ್ಮಾ" ಎಂದಳು.

ಬಿಸಿಲು ಇಳಿದಂತೆ ನೀರು ಏರುತ್ತ ಬಂತು. ಅಲೆಯೊಂದು ಚಾಪೆಯ ಅಂಚನ್ನು ನೆನೆಸಿ ಹೋಯಿತು.

"ಗಂಗವ್ವಗ ಒಂದ್ ತುತ್ತು ಸಾಲಲಿಲ್ಲ ನೋಡ್ರಿ ಅತ್ತ್ಯಾರ" ಎಂದ ಸುದೀಪ.

ಅವನು ಹೇಳಿ ಮುಗಿಸುವಷ್ಟರಲ್ಲಿ ಇನ್ನೂ ದೊಡ್ಡದೊಂದು ನೊರೆಗಟ್ಟಿಕೊಂಡು ಬರುತ್ತಿತ್ತು. ಎಲ್ಲರೂ ನಗುತ್ತ ಏಳುವಾಗ ಪರಮೇಶಪ್ಪನವರೇ ಮೊದಲು ಬಾಗಿದರು. ಎರಡೂ ಕೈಗಳಿಂದ ಬುಟ್ಟಿಯನ್ನೆತ್ತಿ, ಹಿಂದೆ ತಿರುಗಿ ಎರಡು ಹೆಜ್ಜೆಯಿಟ್ಟು, ಒಣ ಮರಳಿನ ಮೇಲೆ ಇಟ್ಟರು. ಇಟ್ಟ ಮೇಲೆ ನೋಡಿದರು. ಹಗ್ಗ ಅವರ ಬೆನ್ನ ಹಿಂದಿತ್ತು, ಬುಟ್ಟಿ ರೆಸಾರ್ಟಿನೊಳಗಿತ್ತು.

ತಹಮೀನಾ ದೂರದ ದೋಣಿಯೊಂದನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು. ಪೂಜಾ ಬುಟ್ಟಿಯ ಪಕ್ಕದಲ್ಲಿ ಕಾಲು ಚಾಚಿ ಕುಳಿತು ಮತ್ತೊಂದು ರೊಟ್ಟಿ ಮುರಿದಳು. ನೀರು ಗೂಟಗಳ ಬುಡಕ್ಕೆ ಬಂದು ಹಗ್ಗವನ್ನು ಮೆಲ್ಲಗೆ ಎತ್ತಿತು. ಕೆಂಪು ಬಾವುಟಗಳು ನೊರೆಯ ಮೇಲೆ ತೇಲಾಡುತ್ತ ಒಮ್ಮೆ ಒಳಗೆ ಹೋದವು, ಒಮ್ಮೆ ಹೊರಗೆ ಬಂದವು.